ಕೈ ನೋಯಿಸದ ಪೆನ್ನು: ಅಗ್ಗದ ಇಂಕ್ ಪೆನ್ನಿನ ಇತಿಹಾಸ

ಹೋದ ವಾರ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ದರು. ಕೆಎಎಸ್ ಮುಖ್ಯ ಪರೀಕ್ಷೆಗೆ ತಯಾರಿ ಮಾಡ್ತಾ ಇದಾರೆ, ಕನ್ನಡದಲ್ಲೇ ಬರೀತಾರೆ. ದಿನಕ್ಕೆ ನಾಲ್ಕು ಗಂಟೆ ಉತ್ತರ ಬರೆಯೋ ಅಭ್ಯಾಸ. ಎರಡನೇ ಗಂಟೆಗೆ ಹೆಬ್ಬೆರಳಿನ ಬುಡ ಹಿಡ್ಕೊಳ್ಳುತ್ತಂತೆ. ‘ಇಂಕ್ ಪೆನ್ನಿಗೆ ಬಂದ್ರೆ ಸರಿಹೋಗುತ್ತಾ? ಐನೂರು ರೂಪಾಯಿ ಒಳಗೆ ಒಳ್ಳೇದು ಸಿಗುತ್ತಾ, ಇಲ್ಲಾ ಐದು ಸಾವಿರ ಹಾಕಲೇಬೇಕಾ?’ ಅಂತ ಕೇಳಿದಾರೆ.

ನಾವು ಇಲ್ಲಿ ಇತಿಹಾಸ ಮಾತಾಡೋರು, ರಿವ್ಯೂ ಮಾಡೋರಲ್ಲ. ಆದ್ರೆ ಈ ಪ್ರಶ್ನೆಗೆ ಉತ್ತರ ಇತಿಹಾಸದಲ್ಲೇ ಇದೆ. ಕೈಗೆ ಹಿತವಾದ ಪೆನ್ನು ಯಾರಿಗೆ ಬೇಕಾಗಿತ್ತು ಅಂತ ಒಂದು ಸಲ ಯೋಚಿಸಿ. ದಿನಕ್ಕೆ ನಾಲ್ಕು ಸಹಿ ಹಾಕೋ ಸಾಹೇಬರಿಗಲ್ಲ. ದಿನವಿಡೀ ನಕಲು ಬರೆಯೋ ಗುಮಾಸ್ತನಿಗೆ, ಸ್ಟೆನೋಗೆ, ಶಾಲೆ ಮಕ್ಕಳಿಗೆ ಬೇಕಾಗಿತ್ತು. ಅವರ ಹತ್ತಿರ ದುಡ್ಡು ಇರಲಿಲ್ಲ. ಹಾಗಾಗಿ ಹಿತವಾದ ಪೆನ್ನಿನ ಚರಿತ್ರೆ ಅಂದ್ರೆ ಬಹುಪಾಲು ಅಗ್ಗದ ಪೆನ್ನಿನ ಚರಿತ್ರೆಯೇ. ದುಬಾರಿ ಪೆನ್ನು ಹೆಚ್ಚಾಗಿ ಜೇಬಿನ ಚರಿತ್ರೆ. ಇದು ನನ್ನ ಅಭಿಪ್ರಾಯ, ಆದ್ರೆ ಸುಮ್ಮನೆ ಹೇಳ್ತಾ ಇಲ್ಲ, ಕೇಳಿ.

ಕೈನೋವಿನಿಂದಲೇ ಶುರು ಮಾಡೋಣ. 1864ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಸರ್ಜನ್ ಸ್ಯಾಮ್ಯುಯೆಲ್ ಸಾಲಿ, ನಕಲು ಬರೆಯುವವರಿಗೆ ಬರುವ ಒಂದು ತೊಂದರೆಯ ಬಗ್ಗೆ ಉಪನ್ಯಾಸ ಕೊಟ್ಟರು. ಬರೆಯಲು ಕೂತಾಗ ಮಾತ್ರ ಬೆರಳು ಸೆಟೆದುಕೊಳ್ಳುವುದು, ಕೈ ಮಾತು ಕೇಳದಿರುವುದು. ಬೇರೆ ಕೆಲಸಕ್ಕೆ ಅದೇ ಕೈ ಚೆನ್ನಾಗಿಯೇ ಇರುತ್ತಿತ್ತು. ಆ ಕಾಲದ ಬಹಳ ಜನ ಇದಕ್ಕೆ ಬೈದದ್ದು ಉಕ್ಕಿನ ನಿಬ್ಬನ್ನು. ಯಾಕಂದ್ರೆ ಅಲ್ಲಿಯವರೆಗೆ ಆಫೀಸುಗಳಲ್ಲಿ ಹೆಬ್ಬಾತಿನ ಗರಿ ಇತ್ತು. ಗರಿ ಬಾಗುತ್ತೆ, ಮೆತ್ತಗಿರುತ್ತೆ, ಆದ್ರೆ ಆಗಾಗ ಚಾಕುವಿನಲ್ಲಿ ಹೆರೆಯುತ್ತಿರಬೇಕು. 19ನೇ ಶತಮಾನದಲ್ಲಿ ಬರ್ಮಿಂಗ್‌ಹ್ಯಾಂ ಕಾರ್ಖಾನೆಗಳು ಉಕ್ಕಿನ ನಿಬ್ಬನ್ನು ರಾಶಿರಾಶಿಯಾಗಿ ಒತ್ತಿ ತೆಗೆದವು. ಗರಿ ಮೂಲೆಗೆ ಹೋಯಿತು. ನಿಬ್ಬು ಅಗ್ಗವಾಯಿತು, ಬರೆಯಬೇಕಾದ ಕಾಗದ ಬೆಟ್ಟದಷ್ಟಾಯಿತು.

ಇವತ್ತಿನ ವೈದ್ಯರು ಆ ಸೆಳೆತವನ್ನು ನರಮಂಡಲದ ತೊಂದರೆ ಅಂತ ಗುರುತಿಸುತ್ತಾರೆ, ತಪ್ಪೆಲ್ಲಾ ನಿಬ್ಬಿನದ್ದಲ್ಲ. ಹಾಗಾಗಿ ಬೆರಳು ನಿಮ್ಮ ಮಾತು ಕೇಳ್ತಿಲ್ಲ, ಜೋಮು ಹಿಡೀತಿದೆ ಅಂದ್ರೆ ಪೆನ್ ಅಂಗಡಿಗಲ್ಲ, ಡಾಕ್ಟರ ಹತ್ತಿರ ಹೋಗಿ. ಬರೆದು ಬರೆದು ಆಗುವ ಸಾಮಾನ್ಯ ಆಯಾಸದ ಮಾತು ಬೇರೆ. ಅದಕ್ಕೆ ಕಾರಣ ಬಹಳ ಸಲ ಒಂದೇ: ಬೇಕಾದ್ದಕ್ಕಿಂತ ಗಟ್ಟಿಯಾಗಿ ಹಿಡಿಯೋದು, ಬೇಕಾದ್ದಕ್ಕಿಂತ ಜೋರಾಗಿ ಒತ್ತೋದು.

ಒತ್ತದೆ ಬರೆಯಬೇಕು ಅಂದ್ರೆ ಶಾಯಿ ತಾನಾಗೇ ಇಳಿಯಬೇಕು. ಇಲ್ಲಿ ಬರ್ತಾರೆ ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್. ಇವರು ಇನ್ಶೂರೆನ್ಸ್ ಏಜೆಂಟ್ ಆಗಿದ್ರು, ದೊಡ್ಡ ಪಾಲಿಸಿಗೆ ಸಹಿ ಹಾಕಿಸುವಾಗ ಶಾಯಿ ಚೆಲ್ಲಿ ಡೀಲ್ ಕೈತಪ್ಪಿತು, ಆ ಸಿಟ್ಟಿಗೆ ಹೊಸ ಪೆನ್ನು ಮಾಡಿದರು ಅಂತ ಒಂದು ಕತೆ ಯೂಟ್ಯೂಬ್ ತುಂಬಾ ಓಡಾಡ್ತಿದೆ. ಚಂದದ ಕತೆ. ಆದ್ರೆ ಹುಡುಕಿದವರಿಗೆ ಅದಕ್ಕೆ ಪುರಾವೆ ಸಿಕ್ಕಿಲ್ಲ. ಕಂಪನಿಯ ಪ್ರಚಾರದಿಂದ ಬೆಳೆದ ಕತೆ ಅದು. ನಿಜವಾಗಿ ಇರೋದು 1884ರ ಪೇಟೆಂಟ್. ಅದರ ಗುಟ್ಟು ಅರ್ಥ ಆಗಬೇಕಾದ್ರೆ ಅಡುಗೆಮನೆಯ ಎಣ್ಣೆ ಡಬ್ಬ ನೆನಪು ಮಾಡ್ಕೊಳ್ಳಿ. ಒಂದೇ ತೂತು ಮಾಡಿದ್ರೆ ಎಣ್ಣೆ ಗುಳಗುಳ ಅಂತ ಬಿಟ್ಟುಬಿಟ್ಟು ಬರುತ್ತೆ, ಆಚೆ ಇನ್ನೊಂದು ತೂತು ಮಾಡಿದ್ರೆ ಸರಾಗ. ಶಾಯಿ ಹೊರಗೆ ಬರಬೇಕಾದ್ರೆ ಅಷ್ಟೇ ಗಾಳಿ ಒಳಗೆ ಹೋಗಬೇಕು. ನಿಬ್ಬಿನ ಅಡಿಯಲ್ಲಿ ಕಪ್ಪಗೆ ಕಾಣುವ ಒಂದು ಭಾಗ ಇರುತ್ತಲ್ಲ, ಫೀಡ್ ಅಂತಾರೆ, ಅದರಲ್ಲಿ ಸಣ್ಣ ಸಣ್ಣ ಸೀಳುಗಳನ್ನು ಕೊರೆದು ಈ ಲೆಕ್ಕವನ್ನು ಸರಿದೂಗಿಸಿದ್ದು ಅವರ ಪೆನ್ನು. ಇವತ್ತು ನೀವು ನೂರು ರೂಪಾಯಿಗೆ ಕೊಳ್ಳೋ ಪೆನ್ನಿನಲ್ಲೂ ಇದೇ ಲೆಕ್ಕ ನಡೆಯುತ್ತೆ. ಕಾಗದಕ್ಕೆ ನಿಬ್ಬು ತಾಗಿದರೆ ಸಾಕು, ನಾರು ಶಾಯಿಯನ್ನು ಎಳೆದುಕೊಳ್ಳುತ್ತೆ. ಒತ್ತೋ ಕೆಲಸವೇ ಇಲ್ಲ.

ಇನ್ನು ಚಿನ್ನದ ನಿಬ್ಬು. ‘ಗೋಲ್ಡ್ ನಿಬ್ ಇದ್ರೇನೇ ಸ್ಮೂತ್’ ಅನ್ನೋ ಮಾತು ಕೇಳಿರ್ತೀರಿ. ಚಿನ್ನ ಬಂದದ್ದು ನಯಕ್ಕಿಂತ ಮೊದಲು ಬಾಳಿಕೆಗೆ. ಹಳೆಯ ಶಾಯಿಯಲ್ಲಿ ಆಮ್ಲ ಇರುತ್ತಿತ್ತು, ಸಾದಾ ಉಕ್ಕನ್ನು ಅದು ತಿಂದುಹಾಕುತ್ತಿತ್ತು. ಚಿನ್ನವನ್ನು ತಿನ್ನುತ್ತಿರಲಿಲ್ಲ. ಆಮೇಲೆ ಸ್ಟೇನ್‌ಲೆಸ್ ಸ್ಟೀಲ್ ಬಂತು, ಶಾಯಿಯೂ ಬದಲಾಯಿತು. ಈಗ ಕಾಗದಕ್ಕೆ ತಾಗೋದು ಚಿನ್ನವೂ ಅಲ್ಲ ಉಕ್ಕೂ ಅಲ್ಲ, ತುದಿಗೆ ಬೆಸೆದಿರುವ ಗಟ್ಟಿ ಮಿಶ್ರಲೋಹದ ಒಂದು ಪುಟ್ಟ ಗುಂಡು. ನಯ ಅನ್ನೋದು ಆ ಗುಂಡನ್ನು ಎಷ್ಟು ಚೆನ್ನಾಗಿ ಉಜ್ಜಿದ್ದಾರೆ ಅನ್ನೋದರ ಮೇಲೆ ನಿಂತಿದೆ. ದಿನಬಳಕೆಗೆ ಸ್ಟೀಲ್ ನಿಬ್ಬು ಧಾರಾಳ ಸಾಕು. ನಿಮ್ಮ ಐದು ಸಾವಿರದಲ್ಲಿ ದೊಡ್ಡ ಭಾಗ ಇಲ್ಲೇ ಉಳೀತು ನೋಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಗೋದಾವರಿ ದಂಡೆಯ ರಾಜಮಂಡ್ರಿಗೆ ಹೋಗೋಣ.

1921. ಸ್ವದೇಶಿ ಚಳವಳಿ ಜೋರಾಗಿದ್ದ ಕಾಲ. ಕೆ.ವಿ. ರತ್ನಂ ಅನ್ನೋ ಚಿನ್ನದ ಕೆಲಸ ಬಲ್ಲ ಯುವಕ ಗಾಂಧೀಜಿಯನ್ನು ಭೇಟಿಯಾಗಿ, ಸ್ವದೇಶಿಗಾಗಿ ನಾನೇನು ಮಾಡಲಿ ಅಂತ ಕೇಳಿದರು. ಜನಕ್ಕೆ ದಿನವೂ ಬೇಕಾಗುವ ಪೆನ್ನಿನಂಥ ವಸ್ತುವನ್ನು ಇಲ್ಲೇ ಮಾಡು ಅಂತ ಗಾಂಧೀಜಿ ಹೇಳಿದರು ಅನ್ನುವುದು ಆ ಮನೆತನ ಹೇಳಿಕೊಂಡು ಬಂದ ಮಾತು. ಕೇಳೋಕೆ ಸುಲಭ. ಆದ್ರೆ ಒಂದು ಪೆನ್ನಲ್ಲಿ ಏನೇನಿದೆ ಅಂತ ಲೆಕ್ಕ ಹಾಕಿ. ಕೊಳವೆ, ಕ್ಯಾಪು, ತಿರುಪು, ಫೀಡು, ನಿಬ್ಬು, ನಿಬ್ಬಿನ ತುದಿಯ ಗುಂಡು. ಚರಕದ ಹಾಗೆ ಬಡಗಿ ಮಾಡಿಕೊಡುವ ವಸ್ತುವಲ್ಲ. ರತ್ನಂ ಅವರ ಪೆನ್ನು ಹೊರಬರಲು 1932 ಆಯಿತು. ಹತ್ತು ವರ್ಷದ ಮೇಲೆ!

ಗಾಂಧೀಜಿ ಸುಲಭಕ್ಕೆ ಒಪ್ಪುವ ಗಿರಾಕಿಯೂ ಅಲ್ಲ. ಸ್ವದೇಶಿ ಅಂದ್ರೆ ಪೂರ್ತಿ ಸ್ವದೇಶಿಯೇ ಆಗಿರಬೇಕು ಅನ್ನುವವರು. 1934ರ ಕೊನೆಗೆ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಶುರುವಾಯಿತು, ಅದರ ಹೊಣೆ ಹೊತ್ತವರು ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ. ಅವರ ಮೂಲಕ ರತ್ನಂ ಪೆನ್ನು ವಾರ್ಧಾ ತಲುಪಿತು. 1935ರ ಜುಲೈ 16ರಂದು ಗಾಂಧೀಜಿ ರತ್ನಂ ಅವರಿಗೆ ಪತ್ರ ಬರೆದರು. ಪೆನ್ನು ಬಳಸಿ ನೋಡಿದೆ, ಬಜಾರಿನಲ್ಲಿ ಸಿಗುವ ವಿದೇಶಿ ಪೆನ್ನುಗಳಿಗೆ ಒಳ್ಳೆಯ ಬದಲಿ ಅನ್ನಿಸುತ್ತದೆ ಅನ್ನುವುದು ಅದರ ತಾತ್ಪರ್ಯ. ಗಮನಿಸಿ, ಹೊಗಳಿಕೆಯ ಮಳೆ ಏನಿಲ್ಲ. ಬಳಸಿದೆ, ಕೆಲಸ ಮಾಡುತ್ತೆ. ಪೆನ್ನಿನ ರಿವ್ಯೂ ಅಂದ್ರೆ ಹೀಗಿರಬೇಕು ಅಂತ ನನಗನ್ನಿಸುತ್ತೆ.

ಇದು ಒಂಟಿ ಕತೆಯೂ ಅಲ್ಲ. 1931ರಲ್ಲಿ ಬೊಂಬಾಯಿಯಲ್ಲಿ ದಾಂಡೇಕರ್ ಸಹೋದರರು ಶಾಯಿಪುಡಿ, ಶಾಯಿಗುಳಿಗೆ ಮಾಡಲು ಹೊರಟರು. ನೀವು ಶಾಲೆಯಲ್ಲಿ ಬಳಸಿದ ಕ್ಯಾಮ್ಲಿನ್ ಕಂಪಾಸ್ ಬಾಕ್ಸಿನ ಮೂಲ ಅದೇ. 1934ರಲ್ಲಿ ಬಂಗಾಳದ ರಾಜಶಾಹಿಯಲ್ಲಿ ಮೈತ್ರಾ ಸಹೋದರರು ಸುಲೇಖಾ ಶಾಯಿ ಶುರು ಮಾಡಿದರು. ನಾಲ್ಕು ವರ್ಷದ ಅಂತರದಲ್ಲಿ ಪೆನ್ನೂ ಶಾಯಿಯೂ ದೇಶದ ಮೂರು ಮೂಲೆಯಲ್ಲಿ ಹುಟ್ಟಿದ್ದು ಕಾಕತಾಳೀಯ ಅಂತ ನಾನು ನಂಬೋದಿಲ್ಲ. ಬ್ರಿಟಿಷರ ವಿರುದ್ಧ ಬರೆಯೋ ಕರಪತ್ರವನ್ನು ಬ್ರಿಟಿಷ್ ಶಾಯಿಯಲ್ಲಿ ಬರೆಯೋದು ಹೇಗೆ ಅನ್ನೋ ಮುಜುಗರ ಎಲ್ಲ ಕಡೆ ಇತ್ತು.

ರಾಜಮಂಡ್ರಿಯ ಆ ಪೆನ್ನು ಕೈಗೆ ಯಾಕೆ ಹಿತ? ಅದರ ಮೈ ಎಬೊನೈಟ್. ರಬ್ಬರಿಗೆ ಗಂಧಕ ಹೆಚ್ಚಾಗಿ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ ವಸ್ತು. ಅದರ ಕಡ್ಡಿಯನ್ನು ಲೇತ್‌ನಲ್ಲಿ ತಿರುಗಿಸಿ ಕೈಯಿಂದಲೇ ಕೊರೆದು ಮಾಡ್ತಾರೆ, ಈಗಲೂ. ಹಗುರ, ಲೋಹದ ಹಾಗೆ ತಣ್ಣಗಿರೋದಿಲ್ಲ, ಬೆವರಿದ ಬೆರಳಿಗೂ ಅಷ್ಟಾಗಿ ಜಾರೋದಿಲ್ಲ. ದಪ್ಪನೆಯ ಹಿಡಿ. ಉಜ್ಜಿ ಮೂಸಿದರೆ ಗಂಧಕದ ವಾಸನೆ ಬರುತ್ತೆ, ಕೆಲವರಿಗೆ ಅದೇ ಇಷ್ಟ. ಒಳಗೆ ರಬ್ಬರ್ ಚೀಲ, ಪಿಸ್ಟನ್ ಏನೂ ಇಲ್ಲ, ಡ್ರಾಪರ್‌ನಿಂದ ನೇರ ಕೊಳವೆಗೇ ಶಾಯಿ ತುಂಬೋದು. ಕೆಡೋದಕ್ಕೆ ಏನಾದ್ರೂ ಇದ್ರೆ ತಾನೆ ಕೆಡೋದು?

ಒಂದು ತಾಪತ್ರಯ ಇದೆ, ಹೇಳಿಬಿಡ್ತೀನಿ. ಶಾಯಿ ಅರ್ಧಕ್ಕಿಂತ ಕೆಳಗಿಳಿದಾಗ ಒಳಗಿನ ಗಾಳಿ ಕೈಯ ಬಿಸಿಗೆ ಹಿಗ್ಗಿ ಶಾಯಿಯನ್ನು ಹೊರಕ್ಕೆ ತಳ್ಳುತ್ತೆ. ಪಟಕ್ಕನೆ ಒಂದು ತೊಟ್ಟು ಉತ್ತರಪತ್ರಿಕೆ ಮೇಲೆ! ಪರಿಹಾರ ಸುಲಭ: ಖಾಲಿಯಾಗೋವರೆಗೆ ಕಾಯಬೇಡಿ, ಅರ್ಧವಾದಾಗಲೇ ತುಂಬಿಸಿ.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಇನ್ನೊಂದು ಅಗ್ಗದ ಪೆನ್ನು ಬೆಳೀತಿತ್ತು, ಎಸ್ಟರ್‌ಬ್ರುಕ್. ಅದರ ನಿಬ್ಬನ್ನು ಬಲ್ಬಿನ ಹಾಗೆ ತಿರುಗಿಸಿ ಬಿಚ್ಚಿ ಬೇರೆ ಹಾಕಬಹುದಿತ್ತು. ಗ್ರೆಗ್ ಶಾರ್ಟ್‌ಹ್ಯಾಂಡ್ ಬರೆಯೋರಿಗೆ 1555, ಸಾಮಾನ್ಯ ಬರವಣಿಗೆಗೆ 2668, ಹೀಗೆ ನಂಬರ್ ಪ್ರಕಾರ. ಕೆಲಸಕ್ಕೆ ತಕ್ಕ ನಿಬ್ಬು, ಅಂತಸ್ತಿಗೆ ತಕ್ಕದ್ದಲ್ಲ. ಅಷ್ಟು ಹೇಳಿ ಮುಂದೆ ಹೋಗ್ತೀನಿ, ಯಾಕಂದ್ರೆ ದೊಡ್ಡ ಭೂಕಂಪ ಬರೋದಿದೆ.

1945ರ ಅಕ್ಟೋಬರ್ 29, ನ್ಯೂಯಾರ್ಕಿನ ಗಿಂಬಲ್ಸ್ ಅಂಗಡಿ. ರೆನಾಲ್ಡ್ಸ್ ಬಾಲ್ ಪೆನ್ನು ಹನ್ನೆರಡೂವರೆ ಡಾಲರಿಗೆ ಮಾರಾಟಕ್ಕೆ ಬಂತು, ಮೊದಲ ದಿನವೇ ಸಾವಿರಾರು ಹೋದವು. ಬಾಲ್ ಪೆನ್ನಿನ ಕಲ್ಪನೆಯನ್ನು ನಿಜ ಮಾಡಿದ್ದು ಹಂಗೇರಿಯ ಲಾಸ್ಲೊ ಬಿರೊ, ಲಾಭ ಹೊಡೆದವರು ಬೇರೆ. ಆಮೇಲೆ 1950ರಲ್ಲಿ ಫ್ರಾನ್ಸಿನ ಬಿಕ್ ಕ್ರಿಸ್ಟಲ್ ಬಂದು ಪೆನ್ನು ಅನ್ನೋದು ಬಳಸಿ ಬಿಸಾಡೋ ವಸ್ತುವಾಯಿತು. ಬಾಲ್ ಪೆನ್ನಿನ ಉಪಕಾರ ಸಣ್ಣದಲ್ಲ, ಚೆಲ್ಲಲ್ಲ, ಒಣಗಲ್ಲ, ಕಾರ್ಬನ್ ಕಾಪಿಗೆ ಬೇಕೇ ಬೇಕು. ಆದ್ರೆ ಅದರ ಶಾಯಿ ಪೇಸ್ಟು. ಗುಂಡನ್ನು ಕಾಗದದ ಮೇಲೆ ಉರುಳಿಸಬೇಕು, ಅದಕ್ಕೆ ಒತ್ತಬೇಕು, ಪೆನ್ನನ್ನು ನೆಟ್ಟಗೆ ಹಿಡಿಯಬೇಕು. ವಾಟರ್‌ಮನ್ ಕಾಲದಲ್ಲಿ ಬಿಟ್ಟುಹೋಗಿದ್ದ ಒತ್ತುವ ಅಭ್ಯಾಸ ವಾಪಸ್ ಬಂತು.

ಮೇಷ್ಟ್ರುಗಳು ಇದನ್ನು ಬೇಗ ಗುರುತಿಸಿದರು. ‘ಬಾಲ್ ಪೆನ್ನಲ್ಲಿ ಬರೆದ್ರೆ ಅಕ್ಷರ ಕೆಡುತ್ತೆ’ ಅಂತ ಬೈಸಿಕೊಂಡ ಒಂದು ತಲೆಮಾರೇ ನಮ್ಮಲ್ಲಿದೆ, ನಿಮ್ಮ ಅಪ್ಪ ಅಮ್ಮನ್ನ ಕೇಳಿ. ಫ್ರಾನ್ಸಿನ ಶಾಲೆಗಳಲ್ಲಿ ಬಾಲ್ ಪೆನ್ನಿಗೆ ಸರ್ಕಾರದ ಅನುಮತಿ ಸಿಕ್ಕಿದ್ದು 1965ರಲ್ಲಿ. ಜರ್ಮನಿಯವರು ಬೇರೆ ದಾರಿ ಹಿಡಿದರು. ಮಕ್ಕಳಿಗೆ ಇಂಕ್ ಪೆನ್ನೇ ಬೇಕು ಅಂದ್ರೆ ಮಕ್ಕಳ ಕೈಗೆ ತಕ್ಕ ಇಂಕ್ ಪೆನ್ನು ಮಾಡೋಣ ಅಂದರು. 1960ರಲ್ಲಿ ಪೆಲಿಕಾನ್ ಕಂಪನಿ ಪೆಲಿಕಾನೊ ಅನ್ನೋ ಶಾಲಾ ಪೆನ್ನು ತಂದಿತು. 1980ರಲ್ಲಿ ಹೈಡೆಲ್‌ಬರ್ಗಿನ ಲ್ಯಾಮಿ ಕಂಪನಿ ಸಫಾರಿ ತಂದಿತು. ವಿನ್ಯಾಸ ಮಾಡಿದ್ದು ವುಲ್ಫ್‌ಗ್ಯಾಂಗ್ ಫೇಬಿಯನ್, ಜೊತೆಗಿದ್ದವರು ಬರ್ಂಟ್ ಸ್ಪೀಗಲ್ ಅನ್ನೋ ಮನಶ್ಶಾಸ್ತ್ರಜ್ಞ. ಪ್ಲಾಸ್ಟಿಕ್ ಮೈ, ಸ್ಟೀಲ್ ನಿಬ್ಬು, ಬೆರಳಿಡೋ ಜಾಗದಲ್ಲಿ ಮೂರು ಮೂಲೆಯ ಹಿಡಿ. ಇವತ್ತು ದೊಡ್ಡವರು ಮೀಟಿಂಗಿನಲ್ಲಿ ಸ್ಟೈಲಾಗಿ ತೆಗೆಯೋ ಆ ಪೆನ್ನು ಮೂಲತಃ ಹತ್ತು ಹದಿನೈದು ವರ್ಷದ ಮಕ್ಕಳಿಗೆ ಮಾಡಿದ್ದು! ಜಪಾನಿನ ಪೈಲಟ್ ಕಂಪನಿ 2013ರಲ್ಲಿ ತಂದ ಕಾಕುನೊ ಪೆನ್ನಂತೂ ಮಕ್ಕಳದ್ದೇ, ನಿಬ್ಬಿನ ಮೇಲೆ ನಗುಮುಖ ಕೆತ್ತಿದೆ. ಹಿತದ ಬಗ್ಗೆ ತಲೆ ಕೆಡಿಸಿಕೊಂಡವರು ಯಾವ ಬೆಲೆಯ ಪೆನ್ನು ಮಾಡುತ್ತಿದ್ದರು ಅಂತ ಈಗ ಕಾಣ್ತಿದೆಯಲ್ಲ.

ನಮ್ಮ ಊರುಗಳಿಗೆ ಬಂದದ್ದು ಶಾಂಘೈನ ಹೀರೋ. 1941ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಪಾರ್ಕರ್ 51 ಪೆನ್ನಿನಲ್ಲಿ ನಿಬ್ಬು ಮುಸುಕು ಹಾಕಿಕೊಂಡ ಹಾಗೆ ತುದಿ ಮಾತ್ರ ಕಾಣುತ್ತಿತ್ತು. ಶಾಯಿ ಬೇಗ ಒಣಗದಿರಲಿ ಅಂತ ಆ ಉಪಾಯ. ಹೀರೋ 616 ಅದರದ್ದೇ ನಕಲು. ಪಾರ್ಕರ್ ಕೊಳ್ಳಲಾಗದವರು ಹೀರೋ ಕೊಂಡರು, ಎಸ್ಸೆಸ್ಸೆಲ್ಸಿ ಬರೆದರು, ಅರ್ಜಿ ಬರೆದರು. ಒಳ್ಳೆ ಪೆನ್ನೇ. ಆದ್ರೆ ಹಿಡಿ ಸಣ್ಣ. ಸಣ್ಣ ಹಿಡಿಯನ್ನು ದೊಡ್ಡ ಕೈ ಹಿಂಡಿ ಹಿಡಿಯುತ್ತೆ. ಗಂಟೆಗಟ್ಟಲೆ ಬರೆಯೋರಿಗೆ ನಾನಂತೂ ಅದನ್ನ ಹೇಳಲ್ಲ.

ಸರಿ, ವಾಯ್ಸ್ ನೋಟ್ ಕಳಿಸಿದವರಿಗೆ ಈಗ ನೇರವಾಗಿ. ಐನೂರರ ಒಳಗೆ ನಮ್ಮ ದೇಶದಲ್ಲೇ ತಯಾರಾದ ಸ್ಟೀಲ್ ನಿಬ್ಬಿನ ಪೆನ್ನುಗಳು ಸಿಗುತ್ತವೆ. ಬ್ರ್ಯಾಂಡ್ ಹೆಸರಿಗಿಂತ ಮೊದಲು ಮೈ ನೋಡಿ. ಪ್ಲಾಸ್ಟಿಕ್ ಅಥವಾ ಎಬೊನೈಟ್, ಹದಿನೈದು ಇಪ್ಪತ್ತು ಗ್ರಾಂ ತೂಕ. ಫಳಫಳ ಹೊಳೆಯೋ ಲೋಹದ ಹಿಡಿ ಬೇಡ, ಅದರಲ್ಲೂ ಮಂಗಳೂರು, ರಾಯಚೂರಿನ ಸೆಕೆಯಲ್ಲಿ ಜಾರುತ್ತೆ, ಜಾರಿದ್ದನ್ನು ಬೆರಳು ಮತ್ತೆ ಹಿಂಡಿ ಹಿಡಿಯುತ್ತೆ. ಬೆರಳಿಡೋ ಜಾಗ ಹತ್ತು ಹನ್ನೊಂದು ಮಿಲಿಮೀಟರ್ ದಪ್ಪ ಇದ್ರೆ ಬಹಳ ಜನರಿಗೆ ಹಿತ. ತಿರುಪಿನ ಏಣು ಬೆರಳಿಗೆ ಚುಚ್ಚುತ್ತಾ ನೋಡಿ. ಕ್ಯಾಪನ್ನು ಹಿಂದಕ್ಕೆ ಸಿಕ್ಕಿಸಿದಾಗ ಪೆನ್ನು ಹಿಂದಕ್ಕೆ ವಾಲಿದ್ರೆ ಕ್ಯಾಪ್ ಮೇಜಿನ ಮೇಲಿಟ್ಟು ಬರೀರಿ. ಮೂರು ಮೂಲೆಯ ಹಿಡಿ ಎಲ್ಲರಿಗೂ ಒಗ್ಗಲ್ಲ. ನಿಮ್ಮ ಹಿಡಿತ ಬೇರೆ ಥರ ಇದ್ರೆ ಆ ಪೆನ್ನು ನಿಮ್ಮ ಜೊತೆ ಜಗಳ ಆಡುತ್ತೆ.

ನಿಬ್ಬಿನ ವಿಷಯದಲ್ಲಿ ಇಂಗ್ಲಿಷ್ ವಿಡಿಯೋಗಳು ಹೇಳದ ಒಂದು ಮಾತಿದೆ. ಅಂಗಡಿಯಲ್ಲಿ ಪೆನ್ನು ಕೊಟ್ಟರೆ ನಾವೇನು ಮಾಡ್ತೀವಿ? ಇಂಗ್ಲಿಷಲ್ಲಿ ಸಹಿ ಹಾಕ್ತೀವಿ, ಇಲ್ಲಾ ಸೊನ್ನೆ ಸುತ್ತುತೀವಿ. ಕನ್ನಡ ಬರೆಯೋರು ಕನ್ನಡದಲ್ಲೇ ನೋಡಬೇಕು. ನಮ್ಮ ಲಿಪಿ ದುಂಡಗೆ. ತಾಳೆಗರಿಯ ಮೇಲೆ ಕಂಠದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತೆ, ಅದಕ್ಕೇ ದಕ್ಷಿಣದ ಲಿಪಿಗಳು ದುಂಡಗಾದವು ಅಂತ ಸಾಮಾನ್ಯವಾಗಿ ವಿವರಿಸ್ತಾರೆ. ದುಂಡಗೆ ಬರೆಯುವಾಗ ನಿಬ್ಬು ಕೆಳಕ್ಕೆ ಎಳೆದಷ್ಟೇ ಮೇಲಕ್ಕೆ, ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತೆ. ಎಳೆಯುವಾಗ ಎಲ್ಲಾ ನಿಬ್ಬೂ ಸಾಧು. ತಳ್ಳುವಾಗಲೇ ಕೆರೆಯೋದು, ಕಾಗದದ ನಾರು ಕಿತ್ತುಕೊಂಡು ಬರೋದು. ಹಾಗಾಗಿ ‘ಕಣ್ಣಾಮುಚ್ಚಾಲೆ’ ಅಂತ ಬರೆದು ನೋಡಿ. ‘ಲಕ್ಷ್ಮಣ’, ‘ಸ್ತ್ರೀ’, ‘ರಾಷ್ಟ್ರೀಯ’ ಬರೀರಿ. ಒತ್ತಕ್ಷರದ ಸುತ್ತು ಮಸಿಯಲ್ಲಿ ಮುಚ್ಚಿಹೋಗುತ್ತಾ? ಠಕಾರದ ಚುಕ್ಕಿ ಬೇರೆಯಾಗಿ ಉಳಿಯುತ್ತಾ? ರೂಲ್ಡ್ ಹಾಳೆಯ ಎರಡು ಗೆರೆ ಮಧ್ಯೆ ಒತ್ತಕ್ಷರದ ಕೆಳಗೆ ಇನ್ನೊಂದು ಸಾಲು ಬರಬೇಕಲ್ಲ. ಕನ್ನಡಕ್ಕೆ ಫೈನ್ ನಿಬ್ಬು ಒಳ್ಳೇದು. ಜಪಾನಿ ಕಂಪನಿಗಳ ಫೈನು ಯುರೋಪಿನ ಫೈನಿಗಿಂತ ಇನ್ನೂ ಸಪೂರ, ಕಾಂಜಿ ಬರೆಯೋರ ಕಷ್ಟವೂ ನಮ್ಮದೇ ಥರದ್ದು.

ನಿಬ್ಬು ಸ್ವಲ್ಪ ಕೆರೆದ್ರೆ ತಕ್ಷಣ ಬಿಸಾಡಬೇಡಿ. ಉಗುರು ಬೆಚ್ಚಗಿನ ನೀರಲ್ಲಿ ತೊಳೆದು ಒಂದು ವಾರ ಬರೀರಿ, ಪೆನ್ನನ್ನು ಕಾಗದದ ಕಡೆಗೆ ಇನ್ನಷ್ಟು ಮಲಗಿಸಿ ಹಿಡೀರಿ. ಬಾಲ್ ಪೆನ್ನಿನ ಕೈ ಇದನ್ನ ಮೊದಲು ಒಪ್ಪಲ್ಲ. ಕೈ ನೋವು ಕಡಿಮೆ ಆಗಬೇಕಾದ್ರೆ ಪೆನ್ನು ಬದಲಾದ್ರೆ ಸಾಲದು, ಒತ್ತೋ ಚಟ ಬಿಡಬೇಕು. ನಿಬ್ಬನ್ನು ಕಾಗದಕ್ಕೆ ತಾಗಿಸಿ, ಅಷ್ಟೇ, ಉಳಿದದ್ದು ಶಾಯಿಯ ಕೆಲಸ.

ಶಾಯಿಯನ್ನು ಫೌಂಟನ್ ಪೆನ್ನಿನದ್ದು ಅಂತ ಬರೆದಿರೋದನ್ನೇ ತಗೊಳ್ಳಿ. ಡ್ರಾಯಿಂಗಿನ ಇಂಡಿಯನ್ ಇಂಕ್ ಹಾಕಿದ್ರೆ ಅದರ ಅರಗು ಒಳಗೇ ಗಟ್ಟಿಯಾಗಿ ಪೆನ್ನು ಸತ್ತುಹೋಗುತ್ತೆ. ಹಾಂ, ಶಾಯಿ ಅಂದಾಗ ನಮಗೆ ಹೆಮ್ಮೆಯಿಂದ ನೆನಪಾಗೋದು ಮೈಸೂರಿನದ್ದು, 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲಾ ಹಚ್ಚುತ್ತಿರೋದು. ಅದು ಬೆರಳಿಗೇ ಇರಲಿ!

ಕೊನೆಗೆ ಪರೀಕ್ಷೆಯ ಮಾತು. ಪ್ರಿಲಿಮ್ಸಿನ ಒಎಂಆರ್ ಹಾಳೆಗೆ ಬಾಲ್ ಪೆನ್ನೇ ಬೇಕು, ಅಲ್ಲಿ ಇಂಕ್ ಪೆನ್ನು ತೆಗೀಬೇಡಿ. ಮುಖ್ಯ ಪರೀಕ್ಷೆಗೆ ಯಾವ ಬಣ್ಣದ ಶಾಯಿ, ಎಂಥ ಪೆನ್ನು ಅಂತ ಪ್ರವೇಶಪತ್ರದ ಸೂಚನೆ ಓದಿ. ಉತ್ತರಪತ್ರಿಕೆಯ ಕಾಗದ ನಿಮ್ಮ ನೋಟ್‌ಬುಕ್ಕಿನ ಹಾಗಿರಲ್ಲ, ಶಾಯಿ ಹಿಂದೆ ಮೂಡಬಹುದು, ಅದಕ್ಕೇ ಅಭ್ಯಾಸವನ್ನು ತೆಳ್ಳನೆ ಕಾಗದದ ಮೇಲೂ ಮಾಡಿ. ಎಡಗೈಯಲ್ಲಿ ಬರೆಯೋರು ಬೇಗ ಒಣಗುವ ಶಾಯಿ ಹುಡುಕಿ, ಇಲ್ಲಾಂದ್ರೆ ಬರೆದದ್ದನ್ನೆಲ್ಲಾ ಅಂಗೈ ಒರೆಸಿಕೊಂಡು ಹೋಗುತ್ತೆ. ಒಂದೇ ಥರದ ಎರಡು ಪೆನ್ನು ಇಟ್ಕೊಳ್ಳಿ, ಎರಡನ್ನೂ ಪರೀಕ್ಷೆಗೆ ತಿಂಗಳು ಮೊದಲೇ ಕೈಗೆ ಪಳಗಿಸಿ, ಹಿಂದಿನ ರಾತ್ರಿ ತುಂಬಿಸಿ ಕ್ಯಾಪ್ ಬಿಗಿ ಮಾಡಿ, ನಿಬ್ಬು ಮೇಲೆ ಮಾಡಿ ಜೇಬಲ್ಲಿಡಿ. ಬಿಳಿ ಅಂಗಿ ಹಾಕ್ಕೊಂಡು ಹೋಗಬೇಡಿ.